ಪೋಲೊದ ಬೋಲ್ಟ್, ಸ್ವಿಫ್ಟ್‌ನ ನಟ್: ಯಾವುದು ಗಟ್ಟಿ?

ನೀವು ಎರಡು ವಿಷಯ ಕೇಳಿದ್ದೀರಿ. ಚಕ್ರ ಬಿಗಿಯಲು ನಿಮ್ಮ ಪೋಲೊ ಕಾರಿನಲ್ಲಿ ಬೋಲ್ಟ್, ಅಣ್ಣನ ಸ್ವಿಫ್ಟ್‌ನಲ್ಲಿ ನಟ್, ಯಾವುದು ಗಟ್ಟಿ? ಹೊರಗಿನ ಅಲಾಯ್ ಚಕ್ರ ಹಾಕಿಸಿದರೆ ಹಳೆ ಬೋಲ್ಟೇ ಸಾಕಾ?

ಗಟ್ಟಿತನದಲ್ಲಿ ಎರಡೂ ಒಂದೇ. ಚಕ್ರವನ್ನು ಹಬ್‌ಗೆ (ಚಕ್ರ ಕೂರುವ, ಅದರೊಂದಿಗೆ ತಿರುಗುವ ಭಾಗ) ಬಿಗಿಯಾಗಿ ಒತ್ತಿ ಹಿಡಿಯುವುದಷ್ಟೇ ಇವುಗಳ ಕೆಲಸ. ಬ್ರೇಕ್ ಹಾಕಿದಾಗ ಹಬ್ ಮೇಲೆ ಚಕ್ರ ಜಾರದಂತೆ ತಡೆಯುವುದು ಮುಖ್ಯವಾಗಿ ಆ ಒತ್ತಡದಿಂದ ಬರುವ ಘರ್ಷಣೆ.

ವ್ಯತ್ಯಾಸ ಇರುವುದು ಬಳಕೆಯಲ್ಲಿ. ಸ್ವಿಫ್ಟ್‌ನಲ್ಲಿ ಸ್ಟಡ್‌ಗಳು (ಹಬ್‌ಗೇ ಕೂರಿಸಿದ ಥ್ರೆಡ್ ಇರುವ ಕಡ್ಡಿಗಳು) ಹೊರಗೆ ಚಾಚಿರುತ್ತವೆ, ಸ್ಟೆಪ್ನಿಯನ್ನು ಅದಕ್ಕೆ ನೇತುಹಾಕಿ ನಟ್ ತಿರುಗಿಸಿದರಾಯಿತು. ಪೋಲೊದಲ್ಲಿ ಭಾರದ ಚಕ್ರವನ್ನು ಎತ್ತಿ ಹಿಡಿದು ತೂತಿಗೆ ತೂತು ಹೊಂದಿಸಬೇಕು. ಮಳೆಯಲ್ಲಿ ರಸ್ತೆ ಪಕ್ಕ ಈ ಕೆಲಸ ಯಾರಿಗೂ ಬೇಡ! ಥ್ರೆಡ್ ಹೋದಾಗಲೂ ಅಷ್ಟೇ: ಸ್ಟಡ್ ಆದರೆ ಬಡಿದು ತೆಗೆದು ಹೊಸದು ಹಾಕಬಹುದು, ಬೋಲ್ಟ್ ಕೂರುವ ಹಬ್‌ನ ಥ್ರೆಡ್ ಹೋದರೆ ಖರ್ಚು ಜಾಸ್ತಿ. ನನ್ನ ಓಟು ನಟ್‌ಗೆ.

ಎರಡನೇ ಪ್ರಶ್ನೆಗೆ ಉತ್ತರ: ಸುಮ್ನೆ ಹಳೆಯದನ್ನೇ ಹಾಕಿಸಬೇಡಿ. ಪೋಲೊದ ಕಂಪನಿ ಬೋಲ್ಟ್‌ನಲ್ಲಿ ಚಕ್ರದ ತೂತಿಗೆ ಒತ್ತಿ ಕೂರುವ ಭಾಗ ಗುಂಡಗಿದೆ. ಮಾರುಕಟ್ಟೆಯ ಹೆಚ್ಚಿನ ಅಲಾಯ್‌ಗಳ ತೂತು 60 ಡಿಗ್ರಿ ಕೋನಾಕಾರದ್ದು. ಗುಂಡಗಿನದು ಕೋನದ ತೂತಿನಲ್ಲಿ ಕೂತರೆ ತೆಳುವಾದ ಒಂದು ಗೆರೆಯಷ್ಟೇ ತಾಗುತ್ತದೆ. ಸ್ಪ್ಯಾನರ್‌ಗೆ ಬಿಗಿ ಅನಿಸುತ್ತದೆ, ಆದರೆ ಅಲ್ಯೂಮಿನಿಯಂ ಸವೆದು ನಿಧಾನಕ್ಕೆ ಸಡಿಲವಾಗುತ್ತದೆ. ಹೋಂಡಾ ಕಾರುಗಳ ಕಂಪನಿ ನಟ್‌ಗಳದ್ದೂ ಇದೇ ಕಥೆ. ಟೊಯೊಟಾದ ಕೆಲವು ಅಲಾಯ್‌ಗಳಿಗೆ ಚಪ್ಪಟೆ ವಾಷರ್ ಇರುವ ನಟ್ ಬೇಕು.

ಥ್ರೆಡ್ ಅಳತೆಯನ್ನೂ ನೋಡಿ. ನಿಮ್ಮದು 14 ಮಿ.ಮೀ. ದಪ್ಪ, 1.5 ಪಿಚ್ (ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಮಿ.ಮೀ.ನಲ್ಲಿ ಇರುವ ಅಂತರ). ಸ್ವಿಫ್ಟ್‌ನದು 12 ಮಿ.ಮೀ., 1.25 ಪಿಚ್. ಹ್ಯುಂಡೈನದೂ 12 ಮಿ.ಮೀ., ಆದರೆ ಪಿಚ್ 1.5. ಅದರ ನಟ್ ಸ್ವಿಫ್ಟ್‌ಗೆ ಒಂದೆರಡು ಸುತ್ತು ಹೋಗಿ ನಿಲ್ಲುತ್ತದೆ. ಅಲ್ಲಿ ನಟ್ ಬಿಗಿಯುವ ಗನ್ ಹಿಡಿದರೆ ಸ್ಟಡ್ ಕಥೆ ಮುಗಿಯಿತು. ಅದಕ್ಕೇ ಮೊದಲ ನಾಲ್ಕೈದು ಸುತ್ತು ಕೈಯಲ್ಲೇ ತಿರುಗಿಸಲು ಹೇಳಿ, ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಬೋಲ್ಟ್ ಉದ್ದವೂ ಮುಖ್ಯ. ಹಬ್‌ನೊಳಗೆ ಕನಿಷ್ಠ ತನ್ನ ದಪ್ಪದಷ್ಟಾದರೂ ಹೋಗಬೇಕು, ಅಂದರೆ ಸುಮಾರು ಒಂಬತ್ತು ಸುತ್ತು. ತೀರಾ ಉದ್ದವಾದರೆ ಹಿಂದಿನ ಡ್ರಮ್ ಬ್ರೇಕ್‌ನ ಭಾಗಕ್ಕೆ ತಾಗಬಹುದು.

ಅನುಮಾನವಿದ್ದರೆ ಬೋಲ್ಟ್‌ನ ಕೂರುವ ಭಾಗಕ್ಕೆ ಮಾರ್ಕರ್ ಬಳಿದು, ಕೈಯಲ್ಲಿ ಬಿಗಿ ಮಾಡಿ ಬಿಚ್ಚಿ. ಶಾಯಿ ಸುತ್ತಲೂ ಅಗಲವಾಗಿ ಅಳಿಸಿದ್ದರೆ ಹೊಂದುತ್ತದೆ, ಕೂದಲೆಳೆಯ ಗೆರೆ ಕಂಡರೆ ಬೇಡ. ಪೋಲೊಗೆ 120 ನ್ಯೂಟನ್ ಮೀಟರ್ ಬಿಗಿ, ಅದೂ ಎಷ್ಟು ಬಿಗಿಯಾಯಿತು ಎಂದು ತೋರಿಸುವ ಟಾರ್ಕ್ ರೆಂಚ್‌ನಲ್ಲಿ. ಥ್ರೆಡ್‌ಗೆ ಆಯಿಲ್ ಬೇಡ, ಅದೇ ಟಾರ್ಕ್‌ಗೆ ಬೋಲ್ಟ್ ಜಾಸ್ತಿ ಎಳೆಯಲ್ಪಡುತ್ತದೆ. 50–100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ನೋಡಿಸಿ.