ಹೋಮ್ ರನ್ ಕಡಿಮೆ, ಆದ್ರೂ ಇಚಿರೊ ಯಾಕೆ ದೊಡ್ಡ ಆಟಗಾರ?

ಪ್ರಶ್ನೆ: ಮಗಳ ಮನೆಗೆಂದು ಸಿಯಾಟಲ್‌ಗೆ ಹೋದಾಗ ಬೇಸ್‌ಬಾಲ್ ಪಂದ್ಯ ನೋಡಿದೆವು. ಸ್ಟೇಡಿಯಂನಲ್ಲಿ ಎಲ್ಲಿ ನೋಡಿದರೂ ಇಚಿರೊ ಹೆಸರಿನ 51 ನಂಬರ್ ಜೆರ್ಸಿ. ಅಳಿಯನನ್ನು ಕೇಳಿದರೆ, ‘ಅವರು ಔಟ್‌ಫೀಲ್ಡರ್, ಹೋಮ್ ರನ್ ಹೊಡೆದದ್ದು ಕಮ್ಮಿ’ ಅಂದ. ಮತ್ತೆ ಇಷ್ಟೊಂದು ಗೌರವ ಯಾಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಅಳಿಯ ಹೇಳಿದ್ದು ನಿಜ. ಅಮೆರಿಕದಲ್ಲಿ ಆಡಿದ 19 ಸೀಸನ್‌ಗಳಲ್ಲಿ ಇಚಿರೊ ಸುಜುಕಿ ಹೊಡೆದದ್ದು 117 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ), ಅಷ್ಟೇ. ಅವರು ಅಲ್ಲಿಗೆ ಕಾಲಿಟ್ಟ 2001ರಲ್ಲೇ ಬ್ಯಾರಿ ಬಾಂಡ್ಸ್ ಒಂದೇ ಸೀಸನ್‌ನಲ್ಲಿ 73 ಬಾರಿಸಿದ್ದರು. ಎಲ್ಲರೂ ಚೆಂಡನ್ನು ಗ್ಯಾಲರಿಗೆ ಕಳಿಸೋದನ್ನೇ ಆಟ ಅಂದುಕೊಂಡಿದ್ದ ಆ ಕಾಲದಲ್ಲಿ, ಜಪಾನಿನಿಂದ ಬಂದ ಈ ಸಣಕಲು ಮನುಷ್ಯ ಚೆಂಡನ್ನು ಫೀಲ್ಡರ್‌ಗಳ ನಡುವಿನ ಸಂದಿಗೆ ತಳ್ಳಿ ಓಡುತ್ತಿದ್ದರು. ಎಡಗೈ ಬ್ಯಾಟಿಂಗ್ ಆದ್ದರಿಂದ ಮೊದಲ ಬೇಸ್ (ಹೊಡೆದವರು ಓಡಿ ಮುಟ್ಟಬೇಕಾದ ಮೊದಲ ತಾಣ) ಒಂದೆರಡು ಹೆಜ್ಜೆ ಹತ್ತಿರ. ಅದೂ ಸಾಲದು ಅಂತ ಬ್ಯಾಟ್ ಬೀಸಿ ಮುಗಿಯುವ ಮೊದಲೇ ಅವರ ಮೈ ಆ ಕಡೆ ಹೊರಟಿರುತ್ತಿತ್ತು. 2004ರಲ್ಲಿ 262 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಸೇರುವುದು) ಗಳಿಸಿ, ಜಾರ್ಜ್ ಸಿಸ್ಲರ್ 1920ರಲ್ಲಿ ಮಾಡಿದ್ದ 257ರ ದಾಖಲೆ ಮುರಿದರು. ಆ 262ರಲ್ಲಿ 225 ಬರೀ ಸಿಂಗಲ್, ಅಂದ್ರೆ ಮೊದಲ ಬೇಸ್‌ವರೆಗಿನ ಹಿಟ್!

ಇನ್ನು ಔಟ್‌ಫೀಲ್ಡರ್ ಅಂದ್ರೆ ಸುಮ್ನೆ ದೂರದಲ್ಲಿ ನಿಲ್ಲೋನು ಅಂದುಕೊಳ್ಳಬೇಡಿ. 2001ರ ಏಪ್ರಿಲ್ 11, ಓಕ್ಲೆಂಡ್‌ನಲ್ಲಿ ಪಂದ್ಯ. ಚೆಂಡು ಬಲಭಾಗದ ಔಟ್‌ಫೀಲ್ಡ್‌ಗೆ ಹೋಯಿತು. ಮೊದಲ ಬೇಸ್‌ನಲ್ಲಿದ್ದ ಎದುರಾಳಿ ಟೆರೆನ್ಸ್ ಲಾಂಗ್ ಎರಡನೇ ಬೇಸ್ ದಾಟಿ ಮೂರನೆಯದಕ್ಕೆ ಓಡಿದರು. ಮಾಮೂಲಿಯಾಗಿ ಇದು ಆರಾಮಾಗಿ ಸಿಗುವ ಬೇಸ್, ಯಾಕಂದ್ರೆ ಬಲಭಾಗದಿಂದ ಮೂರನೇ ಬೇಸ್‌ಗೆ ಎಸೆಯೋದು ಮೈದಾನದ ಆ ತುದಿಯಿಂದ ಈ ತುದಿಗೆ ಎಸೆದ ಹಾಗೆ. ಇಚಿರೊ ಓಡಿ ಬಂದು ಚೆಂಡು ಎತ್ತಿ ಎಸೆದರು. ಅದು ಮೇಲಕ್ಕೇರಲೇ ಇಲ್ಲ, ನಡುವೆ ಪುಟಿಯಲೂ ಇಲ್ಲ, ಗೆರೆ ಎಳೆದ ಹಾಗೆ ನೇರವಾಗಿ ಹೋಗಿ ಮೂರನೇ ಬೇಸ್‌ನ ಡೇವಿಡ್ ಬೆಲ್ ಗ್ಲೌಸ್ ಸೇರಿತು. ಲಾಂಗ್ ಔಟ್. ಆಮೇಲೆ ಅವರ ಕಡೆ ಚೆಂಡು ಹೋದರೆ ಓಡುವವರು ಎರಡು ಸಲ ಯೋಚಿಸಬೇಕಾಯಿತು. ರನ್ ಹೊಡೆದಷ್ಟೇ ಬೆಲೆ ಇದಕ್ಕೂ ಇದೆ ಅಲ್ವಾ? 2001ರಿಂದ 2010ರವರೆಗೆ ಪ್ರತಿ ವರ್ಷ ಗೋಲ್ಡ್ ಗ್ಲೌವ್ (ಒಳ್ಳೆ ಫೀಲ್ಡಿಂಗ್‌ಗೆ ಕೊಡುವ ಪ್ರಶಸ್ತಿ), ಪ್ರತಿ ವರ್ಷ 200ಕ್ಕೂ ಜಾಸ್ತಿ ಹಿಟ್. ಹತ್ತು ವರ್ಷ ಒಂದೇ ಮಟ್ಟ ಕಾಯ್ದುಕೊಳ್ಳೋದು ನನಗೆ ಹೋಮ್ ರನ್‌ಗಿಂತ ದೊಡ್ಡದಾಗಿ ಕಾಣುತ್ತದೆ.

ನಂತರ ಯಾಂಕೀಸ್, ಮಯಾಮಿ ತಂಡಗಳಲ್ಲಿ ಆಡಿ, ಮತ್ತೆ ಸಿಯಾಟಲ್‌ಗೆ ಬಂದು, 2019ರ ಮಾರ್ಚ್‌ನಲ್ಲಿ ಟೋಕಿಯೊದಲ್ಲಿ ಕೊನೆಯ ಪಂದ್ಯ ಆಡಿದರು. 2025ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಮತ ಹಾಕಿದ 394 ಬೇಸ್‌ಬಾಲ್ ಬರಹಗಾರರಲ್ಲಿ 393 ಮಂದಿ ಅವರಿಗೇ ಕೊಟ್ಟರು. ಕೊಡದ ಆ ಒಬ್ಬರನ್ನು ಮನೆಗೆ ಕರೆದು ಜೊತೆಯಲ್ಲಿ ಒಂದು ಡ್ರಿಂಕ್ ಕುಡಿಯುವ ಆಸೆ ಅಂದರಂತೆ ಇಚಿರೊ.

ಪ್ರಶ್ನೆ: ಜಪಾನಿನ ಹಿಟ್ ಸೇರಿಸಿದರೆ ವಿಶ್ವದಾಖಲೆ ಅವರದ್ದೇ ಅಂತಾರೆ. ಸರಿಯೇ?
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಜಪಾನಿನ ಒರಿಕ್ಸ್ ತಂಡಕ್ಕೆ 1278, ಅಮೆರಿಕದಲ್ಲಿ 3089, ಒಟ್ಟು 4367. ಪೀಟ್ ರೋಸ್ ಅವರದ್ದು 4256, ಪೂರ್ತಿ ಅಮೆರಿಕದಲ್ಲೇ. ಎರಡು ಲೀಗ್ ಬೇರೆ ಬೇರೆ, ಹಾಗಾಗಿ ಅಮೆರಿಕದ ದಾಖಲೆ ರೋಸ್ ಹೆಸರಲ್ಲೇ ಇರಲಿ. ಆದರೆ ಜಪಾನಿನ ಹಿಟ್‌ಗಳನ್ನು ಹಗುರವಾಗಿ ತಳ್ಳಿಹಾಕುವವರ ಮಾತು ನಾನು ಒಪ್ಪೋದಿಲ್ಲ. ಇಚಿರೊ ಅಮೆರಿಕಕ್ಕೆ ಬಂದಾಗ 27 ವರ್ಷ. ಬಂದ ಮೊದಲ ವರ್ಷವೇ 242 ಹಿಟ್ ಹೊಡೆದರು.