ಲಾಲ್‌ಬಾಗ್ ಬಂಡೆಗೆ ಬಂದ ನೆಂಟರು

ಪ್ರಶ್ನೆ: ಮೇಡಂ, ನಾನು ಸೆಕೆಂಡ್ ಪಿಯುಸಿ. ಒಂದು ಕಾದಂಬರಿ ಬರೀತಿದ್ದೀನಿ. ಬೇರೆ ಗ್ರಹದ ಮೂವರು ಲಾಲ್‌ಬಾಗ್ ಬಂಡೆ ಮೇಲೆ ಇಳಿದು, ಕಾಲೇಜು ಹುಡುಗ-ಹುಡುಗಿಯರ ಕೈಗೆ ಸಿಗ್ತಾರೆ. ಓದಿದವರು ನಗಬೇಕು ಅಂತ ನನ್ನಾಸೆ. ಮೊದಲ ಅಧ್ಯಾಯಕ್ಕೆ ಗೆಳತಿಯರು ಬಿದ್ದು ಬಿದ್ದು ನಕ್ಕರು. ಐದನೆಯದಕ್ಕೆ ‘ಬೋರು ಕಣೇ’ ಅಂದರು. ಟ್ರಾಫಿಕ್ಕು, ದೋಸೆ, ಮೆಟ್ರೋ ಎಲ್ಲ ತಂದಾಯ್ತು. ಮುಂದೇನು ಮಾಡಲಿ?
— ಓದುಗಿ, ಬಸವೇಶ್ವರನಗರ

ಉತ್ತರ: ನೀನು ಕಳಿಸಿದ ಐದೂ ಅಧ್ಯಾಯ ಓದಿದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಪ್ರಸಂಗಕ್ಕೆ ನಾನೂ ನಕ್ಕೆ. ಆದರೆ ನಿನ್ನ ನೆಂಟರು ಊರೆಲ್ಲ ಸುತ್ತಿ ಬೆರಗಾಗುತ್ತಾರೆಯೇ ಹೊರತು, ಇಷ್ಟು ದೂರ ಯಾಕೆ ಬಂದರು ಅಂತ ಎಲ್ಲೂ ಗೊತ್ತಾಗುವುದಿಲ್ಲ. ಬಂದವರಿಗೆ ಒಂದು ಕೆಲಸ ಕೊಡು. ಅದು ಅವರಿಗೆ ಪ್ರಾಣಕ್ಕಿಂತ ದೊಡ್ಡದಾಗಿರಲಿ, ನಮ್ಮ ಕಣ್ಣಿಗೆ ಏನೂ ಅಲ್ಲದ್ದಾಗಿರಲಿ. ನಗು ಅಲ್ಲಿಂದ ತಾನಾಗಿ ಬರುತ್ತದೆ.

ಅವರನ್ನು ಬಂಡೆ ಮೇಲೆ ಇಳಿಸಿ, ಮಾರನೇ ಪುಟದಲ್ಲೇ ಅದನ್ನು ಮರೆತುಬಿಟ್ಟಿದ್ದೀಯ. ಕೈಯಲ್ಲಿದ್ದ ಚಿನ್ನ ಅದು! ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಕೆಂಪೇಗೌಡರ ಗೋಪುರದ ಕೆಳಗೆ ಕೂತು ಜನ ಕಡಲೇಕಾಯಿ ಬಿಡಿಸಿ ತಿನ್ನುತ್ತಾರಲ್ಲ, ಅಲ್ಲಿ ಬಗ್ಗಿ ನೋಡು, ಬಿಳಿ ಮತ್ತು ಕಪ್ಪು-ಬೂದು ಪಟ್ಟೆಗಳು ಒಂದರ ಪಕ್ಕ ಒಂದು ನುಲಿದುಕೊಂಡಿವೆ. ಆ ಕಲ್ಲು ಹುಟ್ಟಿದಾಗ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇರಲೇ ಇಲ್ಲ ಎನ್ನಬೇಕು. ಸೂಕ್ಷ್ಮಜೀವಿಗಳು ಬಿಸಿಲಿನಲ್ಲಿ ಆಹಾರ ತಯಾರಿಸುತ್ತ ಅದನ್ನು ಹೊರಬಿಟ್ಟು, ಗಾಳಿಯಲ್ಲಿ ತುಂಬಿಕೊಳ್ಳಲು ಶುರುವಾಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ.

ಈಗ ನಿನ್ನ ಮೂವರು ಆಮ್ಲಜನಕವೇ ಇಲ್ಲದ ಗ್ರಹದವರು ಅಂದುಕೋ. ನಮ್ಮ ಉಸಿರು ಅವರಿಗೆ ವಿಷ. ಅವರ ಪಾಲಿಗೆ ಭೂಮಿ ಕೆಡುವುದಕ್ಕೆ ಮುಂಚಿನ ಒಂದು ತುಂಡು ಲಾಲ್‌ಬಾಗಿನಲ್ಲಿ ಉಳಿದಿದೆ. ಅವರು ಬಂದಿರುವುದು ತೀರ್ಥಯಾತ್ರೆಗೆ. ಸಂಕಟ ನೋಡು, ಆ ಪುಣ್ಯಸ್ಥಳದ ಸುತ್ತ ಇರುವುದು ಹಗಲೆಲ್ಲ ವಿಷ ಕಾರುವ ಸಾವಿರಾರು ಮರಗಳು! ಬೆಳಗಿನ ವಾಕಿಂಗ್‌ನವರು ‘ಆಹಾ, ಎಂಥ ಶುದ್ಧ ಗಾಳಿ’ ಅಂತ ಎದೆ ತುಂಬ ಉಸಿರೆಳೆಯುತ್ತಿರುವಾಗ, ಇವರು ಮೂಗೋ ಮತ್ತೊಂದೋ ಮುಚ್ಚಿಕೊಂಡು ಕಲ್ಲಿಗೆ ಸಾಷ್ಟಾಂಗ ಹಾಕಿರುತ್ತಾರೆ. ವಾಚ್‌ಮನ್ ಬಂದು ಸೀಟಿ ಊದಿ, ‘ಇಲ್ಲೆಲ್ಲ ಮಲಗಂಗಿಲ್ಲ, ಎದ್ದೇಳಿ ಸಾರ್’ ಅನ್ನುತ್ತಾನೆ. ಅವನಿಗೆ ಸಿಟ್ಟು ಬರಬಾರದು, ಮೂವರಿಗೂ ತಮಾಷೆ ಅನ್ನಿಸಬಾರದು. ಎಲ್ಲರೂ ತಮ್ಮ ತಮ್ಮ ಕೆಲಸ ಶ್ರದ್ಧೆಯಿಂದ ಮಾಡುತ್ತಿರಲಿ, ನಗುವ ಕೆಲಸ ಓದುಗರದು.

ಮಾತಿನ ವಿಚಾರ. ತಲೆಗೆ ಯಂತ್ರ ಸಿಕ್ಕಿಸಿಕೊಂಡ ಕೂಡಲೇ ಮೂವರೂ ಪುಸ್ತಕದ ಕನ್ನಡ ಮಾತಾಡುತ್ತಾರೆ ಅಂತ ಬರೆದಿದ್ದೀಯ. ಅದಕ್ಕಿಂತ ಸೊಗಸಾದ ದಾರಿ ನಿಜವಾಗಿಯೇ ಇದೆ. 1977ರಲ್ಲಿ ಬಾಹ್ಯಾಕಾಶಕ್ಕೆ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಗ್ರಾಮಫೋನ್ ರೆಕಾರ್ಡಿನಂಥ, ಚಿನ್ನದ ಲೇಪದ ತಾಮ್ರದ ತಟ್ಟೆಗಳಿವೆ, ಅವುಗಳಲ್ಲಿ 55 ಭಾಷೆಗಳ ಶುಭಾಶಯ ಇದೆ. ಕನ್ನಡವೂ ಇದೆ: ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.’ ನಿನ್ನವರು ಬರುವ ದಾರಿಯಲ್ಲಿ ಅದನ್ನು ಕೇಳಿಸಿಕೊಂಡಿರಲಿ, ಅವರಿಗೆ ಗೊತ್ತಿರುವ ಕನ್ನಡ ಅಷ್ಟೇ ಆಗಿರಲಿ. ಹಸಿವಾದರೂ ಅದೇ ಮಾತು, ಹೆದರಿಕೆಯಾದರೂ ಅದೇ. ಇನ್ನೊಂದು ವಿಷಯ, ಆ ತಟ್ಟೆ ತಿರುಗಬೇಕಾದ್ದು ನಿಮಿಷಕ್ಕೆ 16 ಚಿಲ್ಲರೆ ಸುತ್ತು, ಮಾಮೂಲಿ ಎಲ್.ಪಿ. ರೆಕಾರ್ಡಿನ ಅರ್ಧ ವೇಗ. ಹೇಗೆ ನುಡಿಸಬೇಕು ಅಂತ ಮುಚ್ಚಳದ ಮೇಲೆ ಚಿತ್ರ ಕೊರೆದಿದ್ದಾರೆ. ಮೂವರಲ್ಲಿ ಒಬ್ಬ ಅದನ್ನು ತಪ್ಪಾಗಿ ಓದಿಕೊಂಡರೆ? ಎರಡು ಪಟ್ಟು ವೇಗದಲ್ಲಿ, ಕೀರಲು ದನಿಯಲ್ಲಿ ಶುಭಾಶಯ ಹೇಳುತ್ತಾನೆ!

ನಿನ್ನ ಹುಡುಗರ ಮಾತನ್ನು ಮಾತ್ರ ತಿದ್ದಲು ಹೋಗಬೇಡ. ‘ಮಚ್ಚಾ, ಇವ್ನು ಉಸಿರೇ ಆಡ್ತಿಲ್ಲ ಕಣೋ’ ಅನ್ನುವುದು ಸೊಗಸಾಗಿದೆ. ನಿನ್ನ ಕಥೆಯ ಅಜ್ಜಿಗೆ ಇನ್ನಷ್ಟು ಜಾಗ ಕೊಡು. ಬಾಗಿಲಲ್ಲಿ ನಿಂತವನಿಗೆ ಎಷ್ಟೇ ಕಾಲಿರಲಿ, ‘ಎಲ್ಲಾ ಕಾಲೂ ತೊಳ್ಕೊಂಡು ಒಳಗ್ಬಾಪ್ಪಾ’ ಅನ್ನುವವಳು ಅವಳು.

‘ಇವರು ಬಂದಿದ್ದು ವಿಜ್ಞಾನಿಗಳಿಗೆ ಗೊತ್ತಾಗಲಿಲ್ಲ ಯಾಕೆ?’ ಅಂತ ನಿನ್ನಣ್ಣ ಕೇಳಿದನಂತೆ. ಒಳ್ಳೇ ಪ್ರಶ್ನೆ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಇದೆ, ದೂರದ ನೌಕೆಗಳ ಕ್ಷೀಣ ಸಂಕೇತ ಹಿಡಿಯುವುದಕ್ಕೆ. ಅಷ್ಟು ದೊಡ್ಡ ಆಂಟೆನಾ ಒಂದು ಸಲಕ್ಕೆ ನೋಡುವುದು ಆಕಾಶದ ಒಂದು ಚೂರನ್ನು ಮಾತ್ರ. ಅದು ಯಾವುದೋ ನೌಕೆಯ ಕಡೆ ಮುಖ ಮಾಡಿದ್ದಾಗ ಇವರು ಪಕ್ಕದಲ್ಲೇ ಇಳಿದುಬಿಟ್ಟರು ಅಂತ ಬರಿ. ವಿಜ್ಞಾನಿಗಳನ್ನು ಪೆದ್ದರನ್ನಾಗಿ ಮಾಡಬೇಕಿಲ್ಲ.

ಪ್ರಶ್ನೆ: ಅಷ್ಟು ದೂರದಿಂದ ಯಾರೂ ಬರಲು ಸಾಧ್ಯವಿಲ್ಲ ಎಂದ ಮೇಲೆ, ಇಂಥ ಕಥೆ ಬರೆಯುವುದು ಮಕ್ಕಳಿಗೆ ಸುಳ್ಳು ಹೇಳಿದಂತೆ ಅಲ್ಲವೇ?
— ನಿವೃತ್ತ ಬ್ಯಾಂಕ್ ನೌಕರರು, ಜಯನಗರ

ಉತ್ತರ: ದೂರದ ಬಗ್ಗೆ ನೀವು ಹೇಳುವುದು ಸರಿ ಸಾರ್. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ ದೂರ. ಸೆಕೆಂಡಿಗೆ 17 ಕಿ.ಮೀ. ಓಡುವ ವಾಯೇಜರ್ 1ರ ವೇಗದಲ್ಲಿ ಅಷ್ಟು ದೂರ ಸಾಗಲು ಸುಮಾರು 75 ಸಾವಿರ ವರ್ಷ ಬೇಕು. ಹಾಗಂತ ಕಥೆ ಬಿಡಬೇಕಿಲ್ಲ. ಬರೆಯುವವರಿಗೆ ಒಂದು ರಿಯಾಯಿತಿ ಕೊಡೋಣ, ಹೇಗೋ ಬಂದರು ಅಂತ. ಅದಾದಮೇಲೆ ಗಾಳಿ, ಕಲ್ಲು, ದೂರ ಯಾವುದರಲ್ಲೂ ಮೋಸ ಮಾಡಬಾರದು. ಈ ಲೆಕ್ಕವನ್ನು ಪಾಠದಲ್ಲಿ ಓದಿ ಮರೆತ ಮಗು, ಕಥೆಯಲ್ಲಿ ಓದಿದರೆ ಊಟದ ಹೊತ್ತಿನಲ್ಲಿ ನಿಮಗೇ ಹೇಳುತ್ತದೆ.

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗ ಅನ್ಯಗ್ರಹದ ತಮಾಷೆ ಕಾದಂಬರಿ ಬಿಟ್ಟು ಬೇರೇನೂ ಓದಲ್ಲ. ಕಿತ್ತಿಡಲೇ?
— ತಂದೆ, ವಿಜಯನಗರ

ಉತ್ತರ: ದಯವಿಟ್ಟು ಕಿತ್ತಿಡಬೇಡಿ. ಓದುವ ಹುಡುಗನ ಕೈಯಿಂದ ಪುಸ್ತಕ ಕಿತ್ತರೆ ಆ ಜಾಗಕ್ಕೆ ಬರುವುದು ಪಾಠದ ಪುಸ್ತಕ ಅಲ್ಲ, ಮೊಬೈಲು. ಸಮಯ ಗೊತ್ತು ಮಾಡಿ, ರಾತ್ರಿ ಊಟ ಆದಮೇಲೆ ಓದಲಿ. ಈ ಭಾನುವಾರ ಹೈಗ್ರೌಂಡ್ಸ್‌ನ ನೆಹರು ತಾರಾಲಯಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಕನ್ನಡದಲ್ಲೂ ಪ್ರದರ್ಶನ ಇರುತ್ತದೆ. ಹೊರಡುವ ಮೊದಲು ಸಮಯ ವಿಚಾರಿಸಿಕೊಳ್ಳಿ.