ಸ್ಫೋಟದಲ್ಲಿ ಬದುಕುಳಿದ ತಮ್ಮ: ಮೊದಲು ಕಿವಿ ತೋರಿಸಿ

ಬಾಂಬ್ ಸ್ಫೋಟವಾಗಿ ಎರಡು ತಿಂಗಳಾದರೂ ತಮ್ಮ ಕುಕ್ಕರ್ ಸೀಟಿಗೆ ಬೆಚ್ಚುತ್ತಾನೆ, ನಿದ್ದೆಯಿಲ್ಲ, ಕಿವಿ ಗುಂಯ್‌ಗುಡುತ್ತದೆ, ಪರಿಹಾರ ಸಿಗುತ್ತದೆಯೇ ಎಂದು ಮಂಡ್ಯದಿಂದ ಕೇಳಿದ್ದೀರಿ.

ಮೊದಲು ಕಿವಿ. ಸ್ಫೋಟದ ಒತ್ತಡಕ್ಕೆ ಕಿವಿತಮಟೆ ಹರಿದಿರಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಆಡಿಯೋಮೆಟ್ರಿ (ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಪರೀಕ್ಷೆ) ಮಾಡಿಸಿ. ಅಲ್ಲಿವರೆಗೆ ಕಿವಿಗೆ ನೀರು ಹೋಗದಿರಲಿ. ಬಿಸಿ ಎಣ್ಣೆಯಂತೂ ಬೇಡವೇ ಬೇಡ. ಸರಿಯಾಗಿ ಕೇಳಿಸದವನನ್ನು ಮಂಕಾಗಿದ್ದಾನೆ ಅಂದುಕೊಳ್ಳುವುದು ಸುಲಭ.

ಬೆಚ್ಚುವುದು ಮೊದಲ ಕೆಲವು ವಾರ ಸಹಜ. ತಿಂಗಳು ದಾಟಿದರೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಇದೆಯೇ ಎಂದು ಮನೋವೈದ್ಯರು ನೋಡಬೇಕು. 14416ಕ್ಕೆ (ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ 8ರಿಂದ 12 ಭೇಟಿ ಹಿಡಿಯುತ್ತದೆ. ಬರೀ ನಿದ್ದೆ ಮಾತ್ರೆ ನೆಚ್ಚಬೇಡಿ: ಮೂಲ ತೊಂದರೆ ಹಾಗೇ ಉಳಿದು ಅಭ್ಯಾಸ ಅಂಟುತ್ತದೆ. ಈಗಾಗಲೇ ನುಂಗುತ್ತಿದ್ದರೆ ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸಬೇಡಿ. ಬಂದ ನೆಂಟರೆಲ್ಲ 'ಏನಾಯ್ತು ಹೇಳಪ್ಪ' ಎಂದು ಕೆದಕುವುದನ್ನು ನೀವೇ ತಡೆಯಿರಿ. ಮೈಸೂರು ದಸರಾಕ್ಕೆ ಹೋಗುವುದಾದರೆ 21 ಕುಶಾಲತೋಪು ಹಾರುವ ಹೊತ್ತನ್ನು ಅವನಿಗೆ ಮುಂಚೆಯೇ ತಿಳಿಸಿ. ಗೊತ್ತಿರುವ ಸದ್ದು ಅಷ್ಟು ಕಾಡುವುದಿಲ್ಲ.

ಪರಿಹಾರಕ್ಕೆ ಘಟನೆ ನಡೆದ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಬೇಕು, ಮಂಡ್ಯದಲ್ಲಲ್ಲ. ಭಯೋತ್ಪಾದನೆಯಂಥ ಹಿಂಸೆಗೆ ಸಿಕ್ಕವರಿಗಾಗಿ ಇರುವ ಕೇಂದ್ರದ 5 ಲಕ್ಷ ರೂಪಾಯಿ ಯೋಜನೆ ಸಾವಿಗೆ ಅಥವಾ ದೊಡ್ಡ ಪ್ರಮಾಣದ ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಗಾಯ ಅದಕ್ಕಿಂತ ಕಡಿಮೆಯಿದ್ದರೆ ಅಲ್ಲಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಂತ್ರಸ್ತರ ಪರಿಹಾರ ಕೇಳಿ. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಬಿಲ್ಲು ಜೋಡಿಸಿಡಿ. ಆಡಿಯೋಮೆಟ್ರಿ ವರದಿಯನ್ನೂ ಸೇರಿಸಿ, ಹೊರಗೆ ಕಾಣದ ಗಾಯವನ್ನು ಅರ್ಜಿಯಲ್ಲಿ ಬಿಟ್ಟುಬಿಡುವವರೇ ಹೆಚ್ಚು.